ನಡುಗೆರೆಗೆ ಬನ್ನಿ

ಬಾಗಿಲು ತೆರೆದ ಟೀಚರ್, ಹೊರಗೆ ನಿಂತಿದ್ದ ಏಳು ಮಂದಿಯನ್ನು ಕನ್ನಡಕದ ಮೇಲಿಂದ ನೋಡಿ, "ಒಂದು ಸಿಲಿಂಡರ್ ಹೊರೋಕೆ ಇಷ್ಟು ಜನ ಬೇಕಾ?" ಎಂದು ಕೇಳಿದರು.

ಎಲ್ಲರ ಮುಖವೂ ಸಪ್ಪಗಾಯಿತು. ಒಳಗಿನಿಂದ ಓಡಿಬಂದ ಟೀಚರ ಮಗಳು, "ಅಮ್ಮಾ, ಇವರು ಗ್ಯಾಸ್‌ನೋರಲ್ಲ, ನಿನ್ನ ಹಳೇ ವಿದ್ಯಾರ್ಥಿಗಳು," ಎಂದಳು. ಆಮೇಲೆ ಇವರ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ. ನನ್ನ ಹೆಸರೇ ಮರೆತುಹೋಗಿದೆ ಅಮ್ಮನಿಗೆ," ಎಂದು ದನಿ ತಗ್ಗಿಸಿದಳು. ಬಂದವರಲ್ಲಿ ಒಬ್ಬಳಾದ ಹೊಲಿಗೆಯವಳು ತಾನೇ ಅಳತೆ ಊಹಿಸಿ ಹೊಲಿದು ತಂದಿದ್ದ ಉಣ್ಣೆಯ ಕೋಟನ್ನು ಟೀಚರ ಕೈಗಿತ್ತಳು. ಅವರು ಅದನ್ನು ಮಡಚಿ, ಅಷ್ಟೇ ಮರ್ಯಾದೆಯಿಂದ ಅವಳಿಗೇ ವಾಪಸು ಕೊಟ್ಟರು.

ಮನೆ ಚಿಕ್ಕದು, ಕೂರಲು ಜಾಗವಿಲ್ಲ. ಮಗಳು ಎಲ್ಲರನ್ನೂ ತಾರಸಿಗೆ ಕರೆದೊಯ್ದಳು. ಎಳೆಬಿಸಿಲು, ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ಹಗ್ಗಗಳು. ಟೀಚರ್ ಕುರ್ಚಿಯಲ್ಲಿ ಕೂತು, ಪಾರಿವಾಳಗಳನ್ನು ನೋಡುತ್ತಾ ಇವರನ್ನು ಮರೆತೇಬಿಟ್ಟರು. ಇವರೆಲ್ಲ ಎಷ್ಟೋ ವರ್ಷಗಳ ನಂತರ ಒಂದೆಡೆ ಸೇರಿದ್ದೇ ಕಳೆದ ತಿಂಗಳು, ಇವರದೇ ತರಗತಿಯ ಗೆಳತಿ ಗುಬ್ಬಿ ತೀರಿಕೊಂಡಾಗ. ಮಣ್ಣು ಮಾಡಿ ಬರುವ ದಾರಿಯಲ್ಲಿ, "ಟೀಚರನ್ನಾದರೂ ಇದ್ದಾಗಲೇ ನೋಡಿಬರೋಣ," ಎಂದವಳು ಹೊಲಿಗೆಯವಳೇ. ಈಗ ನೋಡಿದರೆ, ಬರದಿದ್ದರೇ ಚೆನ್ನಾಗಿತ್ತೇನೋ ಅನ್ನಿಸತೊಡಗಿತ್ತು.

ಗುಂಪಿನಲ್ಲಿದ್ದ, ಸುಮ್ಮನಿರಲಾರದ ಬಸ್ ಡ್ರೈವರ್ ಎದ್ದು ಹಗ್ಗಗಳನ್ನು ಬಿಚ್ಚತೊಡಗಿದ. "ಏಯ್, ನೆನಪಿದೆಯೇನ್ರೋ? ಮೈಟಾಸಿಸ್!"

ನೆನಪಿಲ್ಲದೆ ಏನು! ಜೀವಕೋಶ ಒಂದಿದ್ದದ್ದು ಎರಡಾಗುವುದು ಹೇಗೆಂದು ಕಪ್ಪುಹಲಗೆಯ ಮೇಲೆ ಎಷ್ಟು ಬರೆದರೂ ಇವರ ತಲೆಗೆ ಹತ್ತದಿದ್ದಾಗ, ಟೀಚರ್ ಇಡೀ ತರಗತಿಯನ್ನು ಮೈದಾನಕ್ಕೆ ಎಳೆದುಕೊಂಡು ಹೋಗಿದ್ದರು. ಸುಣ್ಣದಲ್ಲಿ ದೊಡ್ಡ ವೃತ್ತ, ಅದರ ನಡುವೆ ಒಂದು ಗೆರೆ ಬರೆದು ಅದೇ ಕೋಶ ಎಂದರು. ಒಳಗಿನ ಮಕ್ಕಳು ವರ್ಣತಂತುಗಳು. ಪ್ರತಿಯೊಂದೂ ಮೊದಲು ತನ್ನ ಹಾಗೆಯೇ ಇನ್ನೊಂದನ್ನು ಮಾಡಿಕೊಳ್ಳುತ್ತದೆಂದು, ಒಂದೇ ಎತ್ತರದ ಮಕ್ಕಳನ್ನು ಆರಿಸಿ ಜೋಡಿ ಜೋಡಿಯಾಗಿ ಮೊಣಕೈ ಕೊಂಡಿ ಹಾಕಿಸಿದರು. ಮೂರು ಜೋಡಿ ನಡುಗೆರೆಯ ಮೇಲೆ ಸಾಲಾಗಿ ನಿಲ್ಲಬೇಕು. ಎರಡು ತುದಿಯಲ್ಲಿ ನಿಂತ ಇಬ್ಬರು, ಕೋಶದ ಎಳೆಗಳೆಂದು ಮಕ್ಕಳ ಸೊಂಟಕ್ಕೆ ಕಟ್ಟಿದ್ದ ಹಗ್ಗ ಎಳೆದಾಗ ಜೋಡಿ ಬಿಡಿಸಿಕೊಂಡು, ಒಬ್ಬರು ಅತ್ತ, ಒಬ್ಬರು ಇತ್ತ. ಹೊಲಿಗೆಯವಳೂ ಗುಬ್ಬಿಯೂ ಮಾತ್ರ ಎಷ್ಟು ಎಳೆದರೂ ಬಿಡದೆ, ಬಿದ್ದು ಬಿದ್ದು ನಕ್ಕು, ಕೊನೆಗೆ ಕೋಶವನ್ನೇ ಮಗುಚಿ ಹಾಕಿದ್ದರು. ಆವತ್ತು ಮೊಣಕಾಲಿಗೆ ಮೆತ್ತಿದ ಸುಣ್ಣವನ್ನು ಇಬ್ಬರೂ ಒಂದೇ ನಲ್ಲಿಯ ಕೆಳಗೆ ತೊಳೆದುಕೊಂಡಿದ್ದರು.

"ಬನ್ರೋ, ನಿಲ್ರೋ!" ಎಂದ ಡ್ರೈವರ್, ಚಪ್ಪಲಿಯ ತುದಿಯಿಂದ ತಾರಸಿಯ ನಡುವೆ ಗೆರೆ ಎಳೆಯುತ್ತಾ. ನರೆತ ತಲೆಗಳು, ಬೊಜ್ಜು ಹೊಟ್ಟೆಗಳು ನಾಚಿಕೊಳ್ಳುತ್ತಲೇ ಎದ್ದವು. ಒಬ್ಬ ಮಂಡಿನೋವೆಂದು ಗೊಣಗಿದ. ಎಲ್ಲರೂ ಸೊಂಟಕ್ಕೆ ಹಗ್ಗ ಸುತ್ತಿಕೊಂಡು, ಕೈಗೆ ಕೈ ತಗಲಿಸಿಕೊಂಡು, ಸಂತೆಗೆ ಬಂದವರ ಹಾಗೆ ಎಲ್ಲೆಂದರಲ್ಲಿ ನಿಂತರು.

"ಏನದು ಅವಸ್ಥೆ?"

ಎಲ್ಲರೂ ಬೆಚ್ಚಿ ತಿರುಗಿದರು. ಟೀಚರ್ ಕುರ್ಚಿಯಿಂದ ಎದ್ದಿದ್ದರು. ಬೆನ್ನು ನೆಟ್ಟಗಾಗಿತ್ತು. ದನಿ ಹಿಂದಿನ ಬೆಂಚಿಗೂ ಕೇಳುವಂಥ ದನಿ.

"ನಡುಗೆರೆಗೆ ಬನ್ನಿ! ಹಗ್ಗ ಎರಡು ಕಡೆಯಿಂದಲೂ ಬಿಗಿಯಾಗಿರಬೇಕು. ಲೋ ದಪ್ಪಣ್ಣ, ನೀನು ವರ್ಣತಂತು ಅಲ್ಲ ಕಣೋ, ತುದಿಗೆ ಹೋಗು!"

"ಹೋದೆ ಟೀಚರ್," ಎಂದು ಡ್ರೈವರ್ ನಿಜವಾಗಿಯೂ ಓಡಿದ; ಇನ್ನೊಬ್ಬ ಎದುರು ತುದಿ ಹಿಡಿದ. ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಟೀಚರ್ ಸಾಲಿನುದ್ದಕ್ಕೂ ನಡೆದರು. ಒಬ್ಬರ ಭುಜ ತಿರುಗಿಸಿದರು, ಇನ್ನೊಬ್ಬರ ಹಗ್ಗ ಜಗ್ಗಿ ನೋಡಿದರು. ಹೊಲಿಗೆಯವಳ ಮುಂದೆ ಬಂದಾಗ ನಿಂತರು.

"ನಿನ್ನ ಜೋಡಿ ಎಲ್ಲಮ್ಮ?"

ಡ್ರೈವರ್ ತುದಿಯಿಂದಲೇ, "ಟೀಚರ್, ಅವಳು..." ಎಂದು ಶುರುಮಾಡಿದ. ಹೊಲಿಗೆಯವಳು ಅವನನ್ನು ಕಣ್ಣಲ್ಲೇ ತಡೆದಳು.

"ಇನ್ನೂ ಬಂದಿಲ್ಲ ಟೀಚರ್."

"ಹಾಗಾದ್ರೆ ಯಾರೂ ಎಳೀಬೇಡಿ." ಟೀಚರ್ ಎರಡೂ ತುದಿಗೆ ಬೆರಳು ತೋರಿಸಿದರು. "ಎಲ್ಲಾ ಬಂದು, ಎರಡೂ ಕಡೆ ಎಳೆ ಸಿಕ್ಕಿಸಿಕೊಳ್ಳೋವರೆಗೂ ಕೋಶ ಒಡೆಯಲ್ಲ. ಒಂದೇ ಒಂದು ಬಾಕಿ ಇದ್ರೂ ಉಳಿದದ್ದೆಲ್ಲ ನಿಂತು ಕಾಯ್ತವೆ. ಹೇಳಿಕೊಟ್ಟಿದೀನೋ ಇಲ್ವೋ?"

"ಹೇಳಿದೀರಿ ಟೀಚರ್," ಎಂದರು ಎಲ್ಲರೂ ಒಟ್ಟಿಗೆ.

"ಬರ್ತಾಳೆ, ಅವಸರ ಏನು? ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದಾಳೆ ಆ ಗುಬ್ಬಿ!"

ಯಾರೂ ಅವರ ಮುಂದೆ ಆ ಹೆಸರೆತ್ತಿರಲಿಲ್ಲ. ಮಗಳು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಟೀಚರ್ ಕುರ್ಚಿಯನ್ನು ಮೆಟ್ಟಿಲಿನ ಬಾಗಿಲ ಕಡೆಗೆ ತಿರುಗಿಸಿಕೊಂಡು, ಕೈಕಟ್ಟಿ ಕುಳಿತರು.

ಬಿಸಿಲು ಏರುತ್ತಾ ಹೋಯಿತು. ಮಂಡಿನೋವಿನವನೂ ಸೇರಿ ಒಬ್ಬರೂ ಹಗ್ಗ ಸಡಿಲ ಬಿಡಲಿಲ್ಲ. ಹೊಲಿಗೆಯವಳು ಮೊಣಕೈ ಮಡಚಿ, ಪಕ್ಕದಲ್ಲಿ ಒಬ್ಬಳು ನಿಲ್ಲುವಷ್ಟು ಜಾಗ ಬಿಟ್ಟು, ಗೆರೆಯ ಮೇಲೆ ನೆಟ್ಟಗೆ ನಿಂತಳು.