ಲಿಂಬೆ ಶರಬತ್ತಿನ ನಿಯಮ

“ಗುಹೆಯ ಬಾಗಿಲಲ್ಲಿ ರಾಕ್ಷಸ ನಿಂತಿದ್ದಾನೆ. ಎಂತ ಮಾಡ್ತೀ?” ಎಂದು ಕೇಳಿ ವಿಘ್ನೇಶ ಆಕಳಿಸಿದ.

ನಿಸಾಮುದ್ದೀನನಿಗೆ ರಾಕ್ಷಸನಿಗಿಂತ ಆ ಆಕಳಿಕೆಯ ಭಯವೇ ಹೆಚ್ಚಾಯಿತು. ಮೊದಲ ಭಾನುವಾರ ಗೆಳೆಯ ಸೀತಾಂಗೋಳಿಯಿಂದ ಉಪ್ಪಳಕ್ಕೆ ಬೈಕಿನಲ್ಲಿ ಹಾರಿಕೊಂಡು ಬಂದಿದ್ದ. ಎರಡನೆಯ ಭಾನುವಾರ ತಡವಾಗಿ ಬಂದ. ಇವತ್ತು ಬಂದವನು ಚಪ್ಪಲಿ ಬಿಡುವ ಮೊದಲೇ ವಾಚು ನೋಡಿದ್ದ. ಆಟ ನಿಂತರೆ ಇವನು ಉಪ್ಪಳದ ಕಡೆ ಮುಖ ಹಾಕುವುದು ಇನ್ನು ಯಾರದಾದರೂ ಮದುವೆಗೇ.

ಇಬ್ಬರೂ ಹೈಸ್ಕೂಲಿನಲ್ಲಿದ್ದಾಗ ನಿಸಾಮನ ಮಾವ ದುಬಾಯಿಯಿಂದ ತಂದ ಆಟ ಅದು. ಒಬ್ಬ ಕಥೆ ಹೇಳಬೇಕು. ಉಳಿದವರು ಯೋಧರೋ ಮಾಂತ್ರಿಕರೋ ಆಗಿ ಆ ಕಥೆಯೊಳಗೆ ನುಗ್ಗಬೇಕು. ಬದುಕುವುದು, ಸಾಯುವುದು ಇಪ್ಪತ್ತು ಮುಖದ ದಾಳದ ಮರ್ಜಿ. ಇಂಗ್ಲಿಷಿನ ನಿಯಮ ಪುಸ್ತಕದಲ್ಲಿ ಅರ್ಧ ಇವರಿಗೆ ತಿಳಿಯಲಿಲ್ಲ, ಇನ್ನರ್ಧ ಗೆದ್ದಲಿಗೆ ಹೋಯಿತು. ಆದರೂ ಎಂಥ ಆಟ! ಕಥೆ ಹೇಳುವ ವಿಘ್ನೇಶನ ಗುಹೆಗಳೆಲ್ಲ ಅವನ ಅಜ್ಜನ ಮನೆಯ ಗುಡ್ಡದಲ್ಲಿ ಕೊರೆದ ನೀರಿನ ಸುರಂಗದಂತೆಯೇ ಇರುತ್ತಿದ್ದವು. ಮೊಣಕಾಲುದ್ದ ನೀರು, ತಲೆಗೆ ಬಡಿಯುವ ಬಾವಲಿ, ಆರಿಹೋಗುವ ಚಿಮಿಣಿ ದೀಪ. ಈಗ ನಿಸಾಮ್ ಅದೇ ಆಟವನ್ನು ನೆಟ್ಟಿನಲ್ಲಿ ತರಿಸಿದ್ದ. ಬಣ್ಣದ ಗೊಂಬೆಗಳು, ಹೊಳೆಯುವ ದಾಳಗಳು, ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ಎಲ್ಲವೂ ಇತ್ತು, ಆಟ ಮಾತ್ರ ಇರಲಿಲ್ಲ.

“ಕತ್ತಿ ಬೀಸ್ತೇನೆ,” ಎಂದ ನಿಸಾಮ್.

“ಒಂದು ಕೈಯಲ್ಲಾ, ಎರಡು ಕೈಯಲ್ಲಾ? ಸರಿ ಹೇಳಿ ಉಪ್ಪ,” ಎಂದಳು ಮಗಳು ತಸ್ನೀಮ್. ಏಳನೆಯ ಕ್ಲಾಸಿನ ಹುಡುಗಿ. ಪುಸ್ತಕ ಅವಳ ಮಡಿಲಲ್ಲಿತ್ತು. “ಎರಡಕ್ಕೂ ಬೇರೆ ಬೇರೆ ಲೆಕ್ಕ ಉಂಟು.”

ಅವಳು ಪುಟ ಹುಡುಕುವಷ್ಟರಲ್ಲಿ ರಾಕ್ಷಸನ ಸಿಟ್ಟೂ ಇಳಿದಿರಬೇಕು.

“ನಮಗೆ ವಯಸ್ಸಾಯ್ತು ನಿಸಾಮ್,” ಎಂದ ವಿಘ್ನೇಶ. “ಮುಂದಿನ ವಾರ ನನಗೆ ಆಗ್ಲಿಕ್ಕಿಲ್ಲ. ಪರೀಕ್ಷೆ ಪೇಪರ್ ತಿದ್ಲಿಕ್ಕೆ ಉಂಟು.”

“ಪೇಪರಾ? ನೀನು ಪೀಟಿ ಮಾಷ್ಟ್ರಲ್ವಾ ಮಾರಾಯ!”

ವಿಘ್ನೇಶ ದಾಳ ತೋರಿಸಿದ. ನಿಸಾಮ್ ಉರುಳಿಸಿದ. ಒಂದು ಬಿತ್ತು.

“ಉಪ್ಪ ಸತ್ರು,” ಎಂದಳು ತಸ್ನೀಮ್, ಪುಸ್ತಕದಿಂದ ಕಣ್ಣೆತ್ತದೆ. “ಸತ್ರೆ ಸತ್ತ ಹಾಗೇ. ಹೊಸ ಯೋಧನನ್ನು ಮಾಡ್ಬೇಕು. ಅದಕ್ಕೇ ಒಂದು ಗಂಟೆ ಬೇಕಂತೆ.”

ವಿಘ್ನೇಶನ ಕೈ ಹೆಲ್ಮೆಟ್ಟಿನ ಕಡೆ ಹೋಯಿತು.

“ಮೊದಲು ಹೀಗೆ ಇರ್ಲಿಲ್ಲ,” ಎಂದ ನಿಸಾಮ್ ಗಡಿಬಿಡಿಯಿಂದ.

“ಮೊದಲು ಸಾಯುವ ಪುಟವನ್ನೇ ಗೆದ್ದಲು ತಿಂದಿತ್ತು,” ಎಂದು ವಿಘ್ನೇಶ ಹುಡುಗಿಗೆ ವಿವರಿಸಿದ. “ನಾವೇ ಒಂದು ನಿಯಮ ಮಾಡಿದೆವು. ಸತ್ತವ ರೈಲ್ವೇ ಗೇಟಿನ ಹತ್ರದ ಅಂಗಡಿಗೆ ಹೋಗಿ ಎಲ್ಲರಿಗೂ ಲಿಂಬೆ ಶರಬತ್ತು ತರ್ಬೇಕು. ತಂದ್ರೆ ಜೀವ ವಾಪಸ್. ನಿನ್ನ ಉಪ್ಪನಷ್ಟು ದಡ್ಡ ಯೋಧ ಎಲ್ಲಿಯೂ ಇರ್ಲಿಲ್ಲ, ಗೊತ್ತುಂಟಾ? ಪ್ರತಿ ವಾರ ಸಾಯ್ತಿದ್ದ. ಒಮ್ಮೆ ಡ್ರ್ಯಾಗನ್ನಿನ ಬಾಯಿಗೆ ಕೈ ಹಾಕಿ ಹಲ್ಲು ಎಣಿಸ್ತೇನೆ ಅಂದ. ಇನ್ನೊಮ್ಮೆ ಮಲಗಿದ ರಾಕ್ಷಸನನ್ನು ಎಬ್ಬಿಸಿ, ಗಂಟೆ ಎಷ್ಟಾಯ್ತು ಅಂತ ಕೇಳಿದ!”

ನಿಸಾಮ್ ಗೊಂಬೆಗಳನ್ನು ಒಂದೊಂದಾಗಿ ಸಾಲಾಗಿ ನಿಲ್ಲಿಸತೊಡಗಿದ. ಅದರ ಅಗತ್ಯ ಯಾರಿಗೂ ಇರಲಿಲ್ಲ.

“ಯಾವ ಅಂಗಡಿ ಮಾಷೆ?” ಬಾಗಿಲಲ್ಲಿ ನಿಸಾಮನ ಹೆಂಡತಿ ಕುಂಞಾಮಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು.

“ನಿಮ್ಮ ಉಪ್ಪನ ಅಂಗಡಿಯೇ ಅಲ್ವಾ…” ಎಂದ ವಿಘ್ನೇಶನ ಬಾಯಿ ತೆರೆದಲ್ಲೇ ನಿಂತಿತು.

“ಹೊರಗೆ ಹಣ ತಕ್ಕೊಳ್ಳುವುದು ಉಪ್ಪ. ಒಳಗೆ ಲಿಂಬೆ ಹಿಂಡುವುದು ನಾನು,” ಎಂದಳು ಕುಂಞಾಮಿನ. “ಹಿಂದಿನ ಕಿಟಕಿಯಿಂದ ಗ್ಲಾಸು ಕೊಡುವಾಗ, ಇವತ್ತು ಎಂತದರಲ್ಲಿ ಸತ್ತದ್ದು ಅಂತ ಕೇಳ್ತಿದ್ದೆ. ಆ ಹಲ್ಲಿನ ಕಥೆ ಇವರು ನನಗೆ ಅವತ್ತೇ ಹೇಳಿದ್ದಾರೆ.”

“ಕಳ್ಳ!” ವಿಘ್ನೇಶ ಎದ್ದೇ ನಿಂತ. “ವಾರವಿಡೀ ಕೂತು ನಿನಗೆ ಗುಹೆ ಮಾಡಿದವ ನಾನು! ಒಂದು ದಿನವಾದರೂ ನಿಧಿಯ ಕೋಣೆ ಮುಟ್ಟಿದ್ದೀಯಾ ನೀನು?”

“ಇವತ್ತಿನದ್ದು ದಾಳದ ಕೆಲಸ ಮಾರಾಯ,” ಎಂದ ನಿಸಾಮ್ ತಲೆ ತಗ್ಗಿಸಿ. “ನಿಜವಾಗಿ ಸತ್ತದ್ದು ಇವತ್ತೇ ಮೊದಲು.”

ತಸ್ನೀಮ್ ಇಟ್ಟಿಗೆಯಂಥ ಹೊಸ ಪುಸ್ತಕವನ್ನು ಪಟ್ಟನೆ ಮುಚ್ಚಿದಳು. “ಈ ಪುಟವನ್ನೂ ಗೆದ್ದಲು ತಿಂದಿದೆ ಮಾಷೆ.”

“ಹಾಗಾದರೆ ಸತ್ತವರು ಬನ್ನಿ,” ಎಂದಳು ಕುಂಞಾಮಿನ. “ಲಿಂಬೆ ಇವತ್ತು ನೀವೇ ಹಿಂಡಿ.” ಗಂಡ ಅವಳ ಹಿಂದೆಯೇ ಹೋದ.

ವಿಘ್ನೇಶ ಹೆಲ್ಮೆಟ್ಟನ್ನು ಕುರ್ಚಿಯ ಅಡಿಗೆ ತಳ್ಳಿ, ಟ್ಯೂಬ್‌ಲೈಟ್ ಆರಿಸಿ, ಮೊಬೈಲಿನ ಟಾರ್ಚನ್ನು ನೆಲದ ಮೇಲಿಟ್ಟ. ಅವನ ಸ್ವರ ತಗ್ಗಿತು. “ನೀನೀಗ ಒಬ್ಬಳೇ. ನೀರು ಮೊಣಕಾಲಿಗೆ ಬಂತು. ತಣ್ಣಗೆ. ಮೇಲೆ ಎಂತದೋ ಪಟಪಟ ಅಂತದೆ. ಹಿಂದೆ ತಿರುಗಿ ನೋಡಿದ್ರೆ, ಬಂದ ದಾರಿ ಇಲ್ಲ.”

ತಸ್ನೀಮ್ ಎರಡೂ ಕಾಲನ್ನು ಮೆಲ್ಲಗೆ ಕುರ್ಚಿಯ ಮೇಲೆ ಎಳೆದುಕೊಂಡಳು. ಅಡುಗೆಮನೆಯ ಕಡೆ ನೋಡಿದಳು. ಗ್ಲಾಸಿನಲ್ಲಿ ಚಮಚ ತಿರುಗುವ ಸದ್ದು ಯಾವಾಗಲೋ ನಿಂತಿತ್ತು. ಉಮ್ಮನ ನಗು ಮಾತ್ರ ಕೇಳಿಸುತ್ತಿತ್ತು.

“ಮಾಷೆ, ಆಗ ಉಪ್ಪನಿಗೆ ಜೀವ ಬರ್ಲಿಕ್ಕೆ ಎಷ್ಟು ಹೊತ್ತಾಗ್ತಿತ್ತು?”

ವಿಘ್ನೇಶನೂ ಅಡುಗೆಮನೆಯ ಕಡೆ ನೋಡಿದ.

“ನಮ್ಮ ಶರಬತ್ತಿನಲ್ಲಿ ಒಂದು ದಿನವೂ ಐಸ್ ಇರ್ಲಿಲ್ಲ ಮಗಾ,” ಎಂದ. “ನಿನ್ನ ಅಜ್ಜ ಹಾಕುವುದೇ ಇಲ್ಲ ಅಂತ ನಾನು ಇಷ್ಟು ವರ್ಷ ತಿಳ್ಕೊಂಡಿದ್ದೆ.”