ಭರ್ತಿಗೆ ಬರೆದದ್ದು

ಔಷಧಿ ಅಂಗಡಿಯಮ್ಮ ಕಂಪ್ಯೂಟರಿನ ಮುಂದೆ ಕೂತು ಎಷ್ಟೋ ಹೊತ್ತಾಯಿತು, ಒಂದಕ್ಷರ ಒತ್ತಿಲ್ಲ. ಗಾಜಿನ ಗೋಡೆಯ ಈಚೆ ನಿಂತು ನೋಡುತ್ತಿದ್ದ ಪೊರಕೆ ಅಕ್ಕನಿಗೆ ಕಾಲು ಸೋತು ಬಂದಿತ್ತು. ಬೆಳಗಿನಿಂದ ಬಂದವರೆಲ್ಲ ಹೀಗೇ ಮಾಡಿದರು. ಕೂತರು, ನೋಡಿದರು, ಎದ್ದು ಹೋದರು.

ಪೊರಕೆ ಅಕ್ಕ ಎಂಬುದು ಕಚೇರಿಯವರು ಇಟ್ಟ ಹೆಸರು. ಕತೆ ಕಾದಂಬರಿ ಬರೆಯುವವರಿಗಾಗಿ ಅಲ್ಲಿ ಒಂದು ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಅದರಲ್ಲಿ ಗಮನ ಕೆಡಿಸುವಂಥದ್ದು ಏನೂ ಇಲ್ಲದ ಪೂರ್ತಿ ಪರದೆಯೊಂದನ್ನು ವಿನ್ಯಾಸ ಮಾಡಿಕೊಡುವುದು ಅವಳ ಪಾಲಿನ ಕೆಲಸ. ಗಡಿಯಾರ ಗುಡಿಸಿದಳು, ಪದಗಳ ಲೆಕ್ಕ ಗುಡಿಸಿದಳು, ಮೆನು, ಗುಂಡಿ, ಗೆರೆ ಎಲ್ಲವನ್ನೂ ಗುಡಿಸಿ ಆಚೆ ಹಾಕಿದಳು. ಎರಡು ವರ್ಷ ಇದೇ ಗುಡಿಸಾಟ. ಇವತ್ತು ಅದನ್ನು ಬಳಸಿ ಪರೀಕ್ಷಿಸಲು ಬಂದ, ಕತೆ ಬರೆಯುವ ಹವ್ಯಾಸದವರು ಕೂತು ಬರೆದರೆ ಆ ಪರದೆ ಉಳಿಯುತ್ತದೆ, ಇಲ್ಲದಿದ್ದರೆ ಕಸದ ಬುಟ್ಟಿಗೆ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

"ಇನ್ನೂ ಏನು ಉಳಿಸಿದೀರಿ ತಾಯಿ ಅದರ ಮೇಲೆ?" ಎಂದ ಅವನು, ತಲೆ ಕೆರೆದುಕೊಳ್ಳುತ್ತಾ.

"ಏನೂ ಇಲ್ಲ ಸರ್. ಹಾಳೆ, ಅಕ್ಷರ. ಅಷ್ಟೆ."

"ಹಾಗಾದ್ರೆ ಆಯಮ್ಮನ ಕಣ್ಣು ಯಾಕೆ ಹಂಗೆ ಓಡಾಡ್ತಿದೆ?"

ಅಕ್ಕ ಗಾಜಿಗೆ ಮುಖ ಹಚ್ಚಿ ನೋಡಿದಳು. ಅಂಗಡಿಯಮ್ಮನ ಕಣ್ಣು ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ, ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಓದುತ್ತಿದ್ದಾರೆ!

ಖಾಲಿ ಹಾಳೆ ಕಂಡರೆ ಬರೆಯುವವರ ಕೈ ಕಟ್ಟಿಹೋಗುತ್ತದೆ ಎಂಬುದು ಮ್ಯಾನೇಜರನ ಸಿದ್ಧಾಂತ. ಅದಕ್ಕೇ ಪರೀಕ್ಷೆಗೆ ಕೂರುವವರ ಮುಂದೆ ಅರ್ಧ ಪುಟ ಏನನ್ನಾದರೂ ತುಂಬಿಸಿಡುವುದು ಅಲ್ಲಿನ ಪದ್ಧತಿ. ಅದರ ಕೆಳಗೆ ಅವರು ತಮ್ಮದನ್ನು ಶುರು ಮಾಡಬೇಕು. ಈ ಭರ್ತಿಯನ್ನು ಯಾರು ಓದುತ್ತಾರೆ ಎಂಬ ಧೈರ್ಯದ ಮೇಲೆ ಅಕ್ಕ, ಮೈ ಮನಸ್ಸು ಎರಡೂ ಸೋತ ಸಂಜೆಗಳಲ್ಲಿ, ಒಂದೊಂದೇ ಸಾಲು ಸೇರಿಸುತ್ತಾ ಬಂದಿದ್ದಳು. ಒಬ್ಬ ಹೆಂಗಸು ಅಣ್ಣನ ಮನೆಯ ಬಾಗಿಲ ಮುಂದೆ ನಿಂತಿದ್ದಾಳೆ. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಎಂಬ ಜಗಳದಲ್ಲಿ ಅಣ್ಣ ತಂಗಿ ಮಾತು ಬಿಟ್ಟು ವರ್ಷಗಳಾಗಿವೆ. ಒಳಗೆ ಅಣ್ಣ ಬಿಟ್ಟೂ ಬಿಡದೆ ಕೆಮ್ಮುವುದು ಕೇಳಿಸುತ್ತಿದೆ. ಬೆರಳು ಬೆಲ್ಲಿನ ತನಕ ಹೋಗಿದೆ, ಒತ್ತಿಲ್ಲ. ಅಷ್ಟಕ್ಕೆ ಅರ್ಧ ಪುಟ ಮುಗಿದಿತ್ತು. ಮುಂದೇನು ಎಂದು ಅಕ್ಕನಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಅವಳು ತಾನೇ ಆ ಬಾಗಿಲ ತನಕ ಹೋಗಿ ಅಷ್ಟು ಸಲ ವಾಪಸು ಬರುತ್ತಿದ್ದಳೇ?

ಮ್ಯಾನೇಜರ್ ಮೈಕ್ ಹಾಕಿದ. "ಅಮ್ಮಾ, ಏನಾದ್ರೂ ತೊಂದ್ರೆ ಆಯ್ತಾ?"

"ತೊಂದ್ರೆ ಏನಿಲ್ಲಪ್ಪ," ಎಂದರು ಅಂಗಡಿಯಮ್ಮ. "ನಂದೊಂದು ಕೊಲೆ ಕತೆ ಇದೆ, ಬರೆಯೋಣ ಅಂತಾನೇ ಬಂದೆ. ಆದ್ರೆ ಈ ಹೆಂಗಸನ್ನ ಹೀಗೆ ಬಾಗಿಲಲ್ಲಿ ನಿಲ್ಲಿಸಿಬಿಟ್ಟು ನಾನು ಯಾರನ್ನ ಅಂತ ಕೊಲ್ಲಲಿ? ಮುಂದಿನ ಪುಟ ಎಲ್ಲಿ?"

ಮ್ಯಾನೇಜರ್ ಮೈಕ್ ಆರಿಸಿ ಹಣೆ ಚಚ್ಚಿಕೊಂಡ. "ಮನೆಯೆಲ್ಲ ಗುಡಿಸಿ ಹೊಸಿಲ ಮೇಲೆ ಕಸ ಬಿಟ್ರಲ್ರೀ! ಯಾರು ಬರೆದಿದ್ದು ಅದನ್ನ? ತೆಗೀರಿ, ಈಗ್ಲೇ ತೆಗೀರಿ."

ನಂದು ಎನ್ನುವ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ನಂದು ಎಂದರೆ ಎರಡು ವರ್ಷದ ಕೆಲಸವನ್ನು ತಾನೇ ಕೆಡಿಸಿದೆ ಎಂದು ಒಪ್ಪಿಕೊಂಡ ಹಾಗೆ. ಅದೂ ಹೋಗಲಿ, ಯಾವ ಅಣ್ಣ, ಏನು ಕತೆ ಎಂದು ಕೇಳುತ್ತಾರೆ. ಹೇಳಿಕೊಂಡು ಕೂರುವ ತ್ರಾಣ ಅವಳಲ್ಲಿರಲಿಲ್ಲ.

"ಯಾರದ್ದೂ ಅಲ್ಲ ಸರ್. ಸುಮ್ನೆ ಭರ್ತಿಗೆ ಹಾಕಿದ್ದು," ಎಂದಳು.

ತನ್ನ ಜಾಗಕ್ಕೆ ಹೋಗಿ ಕೂತು ಅಷ್ಟನ್ನೂ ಅಳಿಸಿದಳು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ. ಆ ಜಾಗಕ್ಕೆ ತಲೆ ಬುಡವಿಲ್ಲದ ಅಕ್ಷರಗಳನ್ನು ಸುರಿದಳು. ಸಂಕಟವಾಯಿತೇ ಎಂದರೆ ಆಯಿತು. ಆದರೆ ಸಂಕಟಪಡುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಗಾಜಿನಾಚೆ ಅಂಗಡಿಯಮ್ಮ "ಅಯ್ಯೋ, ಹೋಗೇಬಿಡ್ತಲ್ಲ!" ಎಂದರು. ನಿಟ್ಟುಸಿರು ಬಿಟ್ಟು ಬರೆಯತೊಡಗಿದರು. ಬರೆದರು ಅಂದರೆ ಬರೆದರು! ಒಂದೇ ಉಸಿರಿಗೆ ಎರಡು ಹೆಣ ಬಿದ್ದವು. ಮ್ಯಾನೇಜರ್ ಖುಷಿಗೆ ಮೇಜು ಕುಟ್ಟಿದ. "ಗೆದ್ಬಿಟ್ರಿ ಅಕ್ಕ! ಪರದೆ ಪಾಸು!" ಅಕ್ಕ ತಲೆಯಾಡಿಸಿದಳು. ಇದೊಂದು ಮಾತಿಗಾಗಿ ಎರಡು ವರ್ಷ ಕಾದಿದ್ದಳು. ಈಗ ಮನೆಗೆ ಹೋಗಿ ಮಲಗಿದರೆ ಸಾಕಪ್ಪ ಅನ್ನಿಸಿತು.

ಹೊರಡುವಾಗ ಅಂಗಡಿಯಮ್ಮ ಕೈಚೀಲ ಹೆಗಲಿಗೇರಿಸಿಕೊಂಡು ನಿಂತರು. "ಅಲ್ಲಪ್ಪ, ಮೊದಲು ಒಂದು ಕತೆ ಇತ್ತಲ್ಲ, ಅದನ್ನ ಬರೆದೋರು ಯಾರು?"

"ಅದಾ? ಯಾರೂ ಬರೆದಿದ್ದಲ್ಲಮ್ಮ. ಕಂಪ್ಯೂಟರೇ ಏನೋ ಒಂದು ತುಂಬಿಸಿಕೊಳ್ಳುತ್ತೆ," ಎಂದ ಮ್ಯಾನೇಜರ್.

ಅಂಗಡಿಯಮ್ಮ ನಕ್ಕರು. ಅವನನ್ನು ಬಿಟ್ಟು ಅಕ್ಕನ ಮುಖವನ್ನೇ ನೋಡಿದರು.

"ಕಂಪ್ಯೂಟರಿಗೆ ಎಲ್ಲಿಯ ಅಣ್ಣ! ಬರೆದೋರು ಸಿಕ್ಕಿದ್ರೆ ಹೇಳಮ್ಮ. ಆ ಕೆಮ್ಮು ಒಳ್ಳೇದಲ್ಲ, ಬೇಗ ಬೆಲ್ ಒತ್ತಲಿ."