ಅಂ.ಮುಂ.ಐ.

ವಿಜ್ಞಾನಕಥೆಗಳ ಅಭಿಮಾನಿಗಳು ಬಳಸುತ್ತಿದ್ದ ಪದಗಳ ಕೋಶ ಮರುದಿನ ಅಚ್ಚಿಗೆ ಹೋಗಬೇಕಿತ್ತು. ಒಂದೇ ಒಂದು ಪದ ಬಾಕಿ. ಅದಕ್ಕಾಗಿ ಸಂಶೋಧಕಿ ಹಳೆಯ ವಿಜ್ಞಾನಕಥಾ ಪತ್ರಿಕೆಯೊಂದರ ಸಂಪಾದಕರ ಮನೆಗೆ ಬಂದಿದ್ದಳು.

“ಆಗಿನ ಓದುಗರೆಲ್ಲ ಪತ್ರದ ಕೊನೆಗೆ ‘ಅಂ.ಮುಂ.ಐ.’ ಅಂತ ಬರೀತಿದ್ರಲ್ಲ ಸರ್, ಹಾಗಂದ್ರೇನು?”

“ಅಂತರಿಕ್ಷದ ಮುಂದೆ ಐಕ್ಯ,” ಎಂದರು ಸಂಪಾದಕರು ಹೆಮ್ಮೆಯಿಂದ. “ಮೊದಲು ಬರೆದವಳು ನನ್ನ ಹೆಂಡತೀನೇ. ಆಗಿನ್ನೂ ಮದುವೆ ಆಗಿರಲಿಲ್ಲ. ಅವಳ ಪತ್ರಾನ ಓದುಗರ ಅಂಕಣದಲ್ಲಿ ಹಾಕಿದೆ ನೋಡಿ, ಎಲ್ಲರೂ ಹಿಡ್ಕೊಂಡುಬಿಟ್ರು.”

ಸಂಶೋಧಕಿ ಬರೆದುಕೊಂಡಳು. ಕಾಫಿ ತಂದ ಸಂಪಾದಕರ ಹೆಂಡತಿ ಅವಳ ಟಿಪ್ಪಣಿ ಪುಸ್ತಕದೊಳಗೆ ಇಣುಕಿದರು.

“ಅದಕ್ಕೆ ಕಾಟು ಹೊಡಿಯಮ್ಮ. ಅಂಚೆ ಕಚೇರಿ ಮುಂದೆ ಐದಕ್ಕೆ ಬನ್ನಿ ಅಂತ ಇವರನ್ನ ಕರೆದಿದ್ದೆ. ಅಪ್ಪ ಓದಿಬಿಟ್ಟಾರು ಅಂತ ಹಾಗೆ ಬರೆದೆ. ಇವರು ಬರಲಿಲ್ಲ, ಅಚ್ಚು ಹಾಕಿಸಿದ್ರು.”